ಬರುವ ಆವೃತ್ತಿಗೆ ಮೂರು ತಾರೀಖು, ಹೋಗುವುದಕ್ಕೆ ಒಂದೇ

ಜಾಲತಾಣ ಕಟ್ಟುವ ತಂತ್ರಾಂಶ ಡ್ರೂಪಲ್‌ನ 11ನೇ ಆವೃತ್ತಿ ಯಾವಾಗ ಬರುತ್ತದೆ ಎಂದು 2024ರ ಆರಂಭದಲ್ಲಿ ಕೇಳಿದವರಿಗೆ ಸಿಗುತ್ತಿದ್ದದ್ದು ಒಂದು ಉತ್ತರವಲ್ಲ, ಮೂರು. ಬೀಟಾಕ್ಕೆ ಮುನ್ನ ಆಗಬೇಕಾದ ಕೆಲಸ ಮಾರ್ಚ್ ಮಧ್ಯದೊಳಗೆ ಮುಗಿದರೆ ಜೂನ್‌ನಲ್ಲಿ, ಏಪ್ರಿಲ್ ಕೊನೆಯೊಳಗೆ ಮುಗಿದರೆ ಜುಲೈ 29ರ ವಾರದಲ್ಲಿ, ಅದೂ ತಪ್ಪಿದರೆ ಡಿಸೆಂಬರ್‌ನಲ್ಲಿ. ಕೊನೆಗೆ ಕೂಡಿಬಂದದ್ದು ನಡುವಿನದು. ಅದಕ್ಕೂ ಮೊದಲು ಡ್ರೂಪಲ್ 10ಕ್ಕೆ ಇದೇ ರೀತಿ ಜೂನ್, ಆಗಸ್ಟ್, ಡಿಸೆಂಬರ್ ಎಂದು ಮೂರು ಅವಕಾಶ ಇಟ್ಟಿದ್ದರು. ಆಗ ಮೊದಲೆರಡೂ ಕೈತಪ್ಪಿ, 2022ರ ಡಿಸೆಂಬರ್ ಗಟ್ಟಿಯಾಯಿತು.

ತಂತ್ರಾಂಶ ಕಟ್ಟುವವರಿಗೆ ಇದು ಸೊಗಸಾದ ಏರ್ಪಾಡು. ಆದರೆ ಅದರ ಮೇಲೆ ಜಾಲತಾಣ ನಡೆಸುವ ವಿಶ್ವವಿದ್ಯಾಲಯ, ಪತ್ರಿಕೆ ಅಥವಾ ಸರ್ಕಾರಿ ಇಲಾಖೆಯ ಗತಿ ಏನು? ಬಜೆಟ್ ಮಂಜೂರಾಗಬೇಕು, ಟೆಸ್ಟಿಂಗಿಗೆ ಜನರನ್ನು ಹೊಂದಿಸಬೇಕು, ಹೊರಗಿನ ಕಂಪನಿಗೆ ಕೆಲಸ ಒಪ್ಪಿಸುವುದಾದರೆ ಕರಾರಿನಲ್ಲಿ ಒಂದು ತಾರೀಖು ಬರೆಯಬೇಕು. ಮೂರು ತಾರೀಖಿನಲ್ಲಿ ಯಾವುದನ್ನು ಬರೆಯುವುದು? ಯಾವುದನ್ನೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಒಪ್ಪಿಸಬೇಕಾದರೆ ಬಿಡುಗಡೆಯ ತಾರೀಖುಗಳು ಹೇಗೆ ಹುಟ್ಟುತ್ತವೆ, ಯಾಕೆ ಜಾರುತ್ತವೆ ಎನ್ನುವುದನ್ನು ಮೊದಲು ನೋಡಬೇಕು.

ಹಳೆಯ ಪದ್ಧತಿ ಸರಳವಾಗಿತ್ತು: ಮುಗಿದಾಗ ಬಿಡುಗಡೆ. ಡೆಬಿಯನ್ ಲಿನಕ್ಸ್ ಬಳಗ ಇದನ್ನು ಬಹುತೇಕ ವ್ರತದಂತೆ ಪಾಲಿಸಿತು. 2002ರ ಜುಲೈನಲ್ಲಿ ‘ವುಡಿ’ ಬಂತು. ಮುಂದಿನ ‘ಸಾರ್ಜ್’ ಬಂದದ್ದು 2005ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ. ಆ ನಡುವೆ ಹೊಸ ಯಂತ್ರ ಕೊಂಡವರು ಅದಕ್ಕೆ ಸ್ಥಿರ ಆವೃತ್ತಿ ಹೊಂದದೆ ಪರದಾಡಿದರು, ಕೆಲವರು ಬೇರೆ ಕಡೆಗೆ ಹೋದರು. ಹಣವಂತ ಕಂಪನಿಗಳೂ ಇದಕ್ಕೆ ಹೊರತಲ್ಲ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ನಂತರದ ವಿಸ್ಟಾ ಸಾಮಾನ್ಯ ಗ್ರಾಹಕರ ಕೈಸೇರಿದ್ದು 2007ರ ಜನವರಿಯಲ್ಲಿ. ಪರ್ಲ್ 6ರ ಕಥೆ ಇನ್ನೂ ದೀರ್ಘ: 2000ದಲ್ಲಿ ಘೋಷಣೆ, 2015ರ ಡಿಸೆಂಬರ್‌ನಲ್ಲಿ ಮೊದಲ ಸ್ಥಿರ ರೂಪ, 2019ರಲ್ಲಿ ಹೆಸರೇ ಬದಲಾಗಿ ರಾಕು.

ಇಷ್ಟು ತಡವಾಗುವುದಕ್ಕೆ ಸೋಮಾರಿತನ ಕಾರಣವಲ್ಲ. ಮುಂದಿನ ಬಿಡುಗಡೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲದಾಗ ಪ್ರತಿಯೊಬ್ಬ ಪ್ರೋಗ್ರಾಮರ್‌ಗೂ ತನ್ನ ಕೆಲಸವನ್ನು ಈ ಆವೃತ್ತಿಯಲ್ಲೇ ತೂರಿಸುವ ಆಸೆ. ಈ ಸಲ ತಪ್ಪಿದರೆ ಇನ್ನೆಷ್ಟು ವರ್ಷವೋ! ಹೀಗೆ ಒಬ್ಬೊಬ್ಬರೂ ಕೊನೆಯ ಗಳಿಗೆಯಲ್ಲಿ ಒಂದಿಷ್ಟು ಸೇರಿಸುತ್ತಾರೆ, ಸೇರಿಸಿದ್ದು ಇನ್ನೊಂದನ್ನು ಕೆಡಿಸುತ್ತದೆ, ಸರಿಪಡಿಸುವಷ್ಟರಲ್ಲಿ ಮತ್ತೊಬ್ಬರ ಕೋಡ್ ಸಿದ್ಧವಾಗಿರುತ್ತದೆ. ತಡವೇ ತಡವನ್ನು ಹೆರುತ್ತದೆ.

ಈ ಸುಳಿಯಿಂದ ಹೊರಬರಲು ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಬಳಗ 2002ರ ಜೂನ್‌ನ 2.0 ಆವೃತ್ತಿಯ ನಂತರ ಆರು ತಿಂಗಳಿಗೊಂದು ಬಿಡುಗಡೆ ಎಂಬ ಶಿಸ್ತಿಗೆ ಬಂತು. ಉಬುಂಟು 2004ರ ಅಕ್ಟೋಬರ್‌ನಲ್ಲಿ ಹುಟ್ಟುವಾಗಲೇ ಆ ಶಿಸ್ತನ್ನು ಮೈಗೂಡಿಸಿಕೊಂಡಿತ್ತು. ಅದರ ಆವೃತ್ತಿ ಸಂಖ್ಯೆಯೇ ತಾರೀಖು, ಮೊದಲನೆಯದು 4.10. ಇದರಲ್ಲೊಂದು ಫಜೀತಿಯೂ ಇದೆ. ತಡವಾದರೆ ಮುಚ್ಚಿಡುವಂತಿಲ್ಲ. 2006ರ ಏಪ್ರಿಲ್‌ನಲ್ಲಿ ಬರಬೇಕಾಗಿದ್ದ ಆವೃತ್ತಿ ಜೂನ್‌ಗೆ ಜಾರಿದ್ದರಿಂದ ಇಂದಿಗೂ ಅದು 6.04 ಅಲ್ಲ, 6.06. ಜಾವಾ ಕೂಡ ಪಾಠ ಕಲಿತೇ ಬದಲಾಯಿತು. 2014ರ ಮಾರ್ಚ್‌ನ ಜಾವಾ 8ರ ನಂತರ ಮಾಡ್ಯೂಲ್ ವ್ಯವಸ್ಥೆಗಾಗಿ ಕಾದು ಕಾದು ಜಾವಾ 9 ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದಾಚೆಗೆ ಮಾರ್ಚ್‌ಗೊಂದು, ಸೆಪ್ಟೆಂಬರ್‌ಗೊಂದು; ಸಿದ್ಧವಾಗದ್ದು ಮುಂದಿನದಕ್ಕೆ. ವೃತ್ತಿಯವರ ಬಾಯಲ್ಲಿ ಇದು ರಿಲೀಸ್ ಟ್ರೈನ್.

ಈ ವಿಷಯವನ್ನು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಮಾರ್ಟಿನ್ ಮಿಶ್ಲ್‌ಮಾಯರ್ ಪ್ರಮುಖರು. 2003ರಿಂದ 2005ರವರೆಗೆ, ಅಂದರೆ ಸಾರ್ಜ್‌ನ ಕಾಯುವಿಕೆ ತುತ್ತತುದಿ ಮುಟ್ಟಿದ್ದ ಕಾಲದಲ್ಲೇ, ಡೆಬಿಯನ್‌ನ ನಾಯಕರಾಗಿದ್ದವರು. ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಬಿಡುಗಡೆಯ ನಿರ್ವಹಣೆಯ ಮೇಲೇ ಪಿಎಚ್‌ಡಿ ಮಾಡಿದರು. ಡೆಬಿಯನ್, ಗ್ನೋಮ್, ಲಿನಕ್ಸ್, ಓಪನ್ ಆಫೀಸ್ ಮೊದಲಾದವನ್ನು ಹತ್ತಿರದಿಂದ ನೋಡಿ ಅವರು ಹೇಳಿದ ಮುಖ್ಯ ಮಾತು: ನಿಗದಿತ ತಾರೀಖು ಇದ್ದರೆ ನೂರಾರು ಜನ ಪರಸ್ಪರ ಮಾತಾಡಿಕೊಳ್ಳದೆಯೂ ಹೊಂದಿಕೊಂಡು ಕೆಲಸ ಮಾಡಬಲ್ಲರು. ಸಮನ್ವಯದ ಅರ್ಧ ಭಾರವನ್ನು ಕ್ಯಾಲೆಂಡರೇ ಹೊರುತ್ತದೆ.

ಹಾಗೆಂದು ಗಡಿಯಾರಕ್ಕೆ ಕಟ್ಟಿಕೊಂಡ ಬಿಡುಗಡೆ ಬಳಕೆದಾರನಿಗೆ ಸುಖ ತಂದಿತು ಎನ್ನಲಾಗದು. ಆರು ತಿಂಗಳಿಗೊಂದು ಜಾವಾ ಬಂದರೆ ಯಾವ ಬ್ಯಾಂಕೂ ಆರು ತಿಂಗಳಿಗೊಮ್ಮೆ ಬದಲಾಯಿಸುವುದಿಲ್ಲ. 11, 17, 21, 25 ಎಂಬ ದೀರ್ಘ ಬೆಂಬಲದ ಮೆಟ್ಟಿಲುಗಳ ಮೇಲಷ್ಟೇ ಕಾಲಿಡುತ್ತದೆ, ಇನ್ನೂ ಜಾವಾ 8ರಲ್ಲೇ ಕುಳಿತವರೂ ಇದ್ದಾರೆ. ಸರ್ವರ್‌ಗಳಲ್ಲಿ ತಂತ್ರಾಂಶ ನಡೆಸಲು ಬಳಸುವ ಕುಬರ್ನೆಟೀಸ್ ವರ್ಷಕ್ಕೆ ನಾಲ್ಕು ಬಿಡುಗಡೆ ಮಾಡುತ್ತಿತ್ತು. ನಡೆಸುವವರಿಗೂ ಕಟ್ಟುವವರಿಗೂ ಏದುಸಿರು ಬಂದು 2021ರಲ್ಲಿ ಮೂರಕ್ಕೆ ಇಳಿಸಿತು.

ಈಗ ಹೆಚ್ಚಿನ ದೊಡ್ಡ ಯೋಜನೆಗಳು ನಿಂತಿರುವುದು ಈ ಎರಡು ತುದಿಗಳ ನಡುವೆ. ಡೆಬಿಯನ್ ಕಂಡುಕೊಂಡ ದಾರಿ ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುತ್ತದೆ: ಬಿಡುಗಡೆಯ ತಾರೀಖು ಸಡಿಲ, ಫ್ರೀಜ್‌ನ ತಾರೀಖು ಬಿಗಿ. ಡೆಬಿಯನ್ 13ಕ್ಕೆ 2025ರ ಮಾರ್ಚ್ 15ರಂದು ಮೊದಲ ಹಂತದ ಫ್ರೀಜ್, ಮೇ 15ರಂದು ಗಟ್ಟಿ ಫ್ರೀಜ್. ಅಲ್ಲಿಂದ ಮುಂದೆ ಹೊಸದೇನೂ ಒಳಬರುವುದಿಲ್ಲ, ದೋಷ ತೀರಿಸುವುದಷ್ಟೇ. ಆಗಸ್ಟ್ 9ರಂದು ಬಿಡುಗಡೆ. ಫ್ರೀಜ್ ಆದ ದಿನವೇ ಬಳಕೆದಾರನಿಗೆ ಒಳಗೆ ಏನೇನು ಇರಲಿದೆ ಎಂದು ಗೊತ್ತು. ಪರೀಕ್ಷೆ ಶುರುಮಾಡಲು ಬಿಡುಗಡೆಯ ದಿನಕ್ಕೆ ಕಾಯಬೇಕಾಗಿಲ್ಲ. ಲಿನಕ್ಸ್ ಕರ್ನಲ್‌ನದೂ ಇಂಥದೇ ಹದ. ಎರಡು ವಾರ ಹೊಸ ಕೋಡಿಗೆ ಬಾಗಿಲು ತೆರೆದಿರುತ್ತದೆ, ಆಮೇಲೆ ವಾರಕ್ಕೊಂದು ಪ್ರಾಯೋಗಿಕ ಆವೃತ್ತಿ; ಏಳನೆಯದಕ್ಕೆ ಸಮಾಧಾನವಾಗದಿದ್ದರೆ ಲೈನಸ್ ಟೊರ್ವಾಲ್ಡ್ಸ್ ಎಂಟನೆಯದನ್ನು ಬಿಡುತ್ತಾರೆ. ಜಾರುವುದು ಒಂದು ವಾರ. ಅದನ್ನು ತಡ ಎಂದು ಯಾರೂ ದೂರುವುದಿಲ್ಲ.

ಡ್ರೂಪಲ್‌ನ ಮೂರು ತಾರೀಖಿನ ಹಿಂದೆಯೂ ಇಂಥದೇ ಲೆಕ್ಕವಿದೆ. ಜಾರಿದರೆ ಎಲ್ಲಿಗೆ ಜಾರುತ್ತದೆ, ಯಾವ ಕೆಲಸ ಉಳಿದರೆ ಜಾರುತ್ತದೆ ಎರಡನ್ನೂ ಮೊದಲೇ ಸಾರಿಬಿಡುವುದು. ಸಡಿಲ ವೇಳಾಪಟ್ಟಿಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ವ್ಯತ್ಯಾಸ ನಾನು ಮಾಡುವುದು ಇಲ್ಲಿ. ಷರತ್ತು ಗೊತ್ತಿರುವ ಸಡಿಲಿಕೆಯೊಂದಿಗೆ ಬದುಕಬಹುದು. ‘ಸದ್ಯದಲ್ಲೇ’ ಎಂಬ ಸಡಿಲಿಕೆಯೊಂದಿಗೆ ಆಗದು.

ಮೂರು ತಾರೀಖಿಗೂ ಹೊರಗೊಂದು ಗೋಡೆ ಇತ್ತು ಎನ್ನುವುದೇ ಇಲ್ಲಿ ಗಮನಿಸಬೇಕಾದ್ದು. ಡ್ರೂಪಲ್ 9 ನಿಂತಿದ್ದದ್ದು ಸಿಂಫೊನಿ 4 ಎಂಬ ಚೌಕಟ್ಟಿನ ಮೇಲೆ. ಅದರ ಬೆಂಬಲ 2023ರ ನವೆಂಬರ್‌ಗೆ ಮುಗಿಯುವುದಿತ್ತು. ಆದ್ದರಿಂದ ಡ್ರೂಪಲ್ 10 ಜೂನ್‌ನಲ್ಲಿ ಬಂದರೂ ಡಿಸೆಂಬರ್‌ನಲ್ಲಿ ಬಂದರೂ ಡ್ರೂಪಲ್ 9ರ ಕೊನೆ ಮಾತ್ರ 2023ರ ನವೆಂಬರ್ 1. ಡ್ರೂಪಲ್ 8ಕ್ಕೂ ಹಾಗೆಯೇ ಆಗಿತ್ತು: ಸಿಂಫೊನಿ 3 ಹೋಗುವಾಗ ಅದನ್ನೂ ಕರೆದುಕೊಂಡು ಹೋಯಿತು. ಹೊಸದು ಬರುವ ದಿನ ಜಾರಿದರೆ ಕಡಿಮೆಯಾಗುವುದು ಬಳಕೆದಾರನ ನಡುವಿನ ಅವಧಿ. ಜೂನ್ ತಪ್ಪಿ ಡಿಸೆಂಬರ್ ಆದಾಗ ಸ್ಥಳಾಂತರಕ್ಕೆ ಉಳಿದದ್ದು ಸುಮಾರು ಹದಿನೇಳು ತಿಂಗಳಲ್ಲ, ಹತ್ತೂವರೆ ತಿಂಗಳು.

ಒಂದು ಜಾಲತಾಣವನ್ನು ಬಿಚ್ಚಿ ನೋಡಿದರೆ ಇಂಥ ಗೋಡೆಗಳು ಅಂತಸ್ತು ಅಂತಸ್ತಾಗಿ ಕಾಣುತ್ತವೆ. ಕೆಳಗೆ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ಪಿಎಚ್‌ಪಿ, ಡೇಟಾಬೇಸ್, ಚೌಕಟ್ಟು, ಡ್ರೂಪಲ್, ಮಾಡ್ಯೂಲ್‌ಗಳು, ತುದಿಯಲ್ಲಿ ನಾವೇ ಬರೆದ ಕೋಡ್. ಡ್ರೂಪಲ್ 11ಕ್ಕೆ ಪಿಎಚ್‌ಪಿ 8.3 ಇರಲೇಬೇಕು, ನಿಮ್ಮ ಸರ್ವರ್ ಹಳೆಯ ಲಿನಕ್ಸ್ ಆಗಿದ್ದರೆ ಮೊದಲು ಅದರ ಅಪ್‌ಗ್ರೇಡ್, ಆಮೇಲೆ ಪಿಎಚ್‌ಪಿ, ಆಮೇಲೆ ಡ್ರೂಪಲ್. ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಮಾಡ್ಯೂಲ್‌ಗಳ ಹತ್ತಿರ. ಅಪ್‌ಗ್ರೇಡ್ ಸ್ಟೇಟಸ್ ಎಂಬ ಮಾಡ್ಯೂಲ್ ಹಾಕಿ ಓಡಿಸಿದರೆ ಯಾವುದು ಸಿದ್ಧ, ಯಾವುದು ಇಲ್ಲ ಎಂಬ ಪಟ್ಟಿ ಬರುತ್ತದೆ. ಎಷ್ಟೋ ಮಾಡ್ಯೂಲ್‌ಗಳಲ್ಲಿ ಬದಲಾಗಬೇಕಾದ್ದು ಒಂದೇ ಸಾಲು, ತಾನು ಯಾವ ಆವೃತ್ತಿಗಳ ಜೊತೆ ಹೊಂದುತ್ತೇನೆ ಎಂದು ಹೇಳಿಕೊಳ್ಳುವ ಸಾಲು. ಆ ಸಾಲು ಬದಲಾಯಿಸಲು ಮಾಡ್ಯೂಲಿನ ಹೊಣೆಗಾರ ಎಚ್ಚರವಾಗಿರಬೇಕು. ಆತ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಸ್ವಯಂಸೇವಕ. ಮೂರು ವರ್ಷದಿಂದ ಆ ಕಡೆ ತಲೆಹಾಕಿರಲಿಕ್ಕಿಲ್ಲ. ಅಲ್ಲಿಯವರೆಗೆ ಪ್ಯಾಕೇಜುಗಳನ್ನು ಹೊಂದಿಸುವ ಕಂಪೋಸರ್ ಎಂಬ ಸಾಧನ ಇಡೀ ಅಪ್‌ಗ್ರೇಡನ್ನೇ ತಡೆಹಿಡಿಯುತ್ತದೆ. ಇದರ ಅರಿವಿದ್ದೇ ಡ್ರೂಪಲ್ ಬಳಗ ಒಂದು ಬಾಟ್ ಇಟ್ಟುಕೊಂಡಿದೆ, ಸಾವಿರಾರು ಮಾಡ್ಯೂಲ್‌ಗಳಿಗೆ ಬೇಕಾದ ತಿದ್ದುಪಡಿಯನ್ನು ಅದೇ ಸೂಚಿಸುತ್ತದೆ.

ಡ್ರೂಪಲ್ 8ರ ನಂತರ ಬಂದ ಇನ್ನೊಂದು ಬದಲಾವಣೆ ಯೋಜನೆ ಹಾಕುವವರಿಗೆ ದೊಡ್ಡ ಉಪಕಾರ ಮಾಡಿತು. 9.0 ಎಂದರೆ ಹೆಚ್ಚುಕಡಿಮೆ 8.9ರಿಂದ ಹಳತೆಂದು ಗುರುತು ಹಾಕಿದ ಕೋಡನ್ನು ಕಿತ್ತುಹಾಕಿದ್ದು, ಜೊತೆಗೆ ಕೆಳಗಿನ ಗ್ರಂಥಾಲಯಗಳನ್ನು ಹೊಸದು ಮಾಡಿದ್ದು. ಹಾಗಾಗಿ ಹಳೆಯ ಆವೃತ್ತಿಯಲ್ಲಿದ್ದುಕೊಂಡೇ ಆ ಗುರುತಿನ ಕೋಡನ್ನು ಒಂದೊಂದಾಗಿ ಬಿಡುತ್ತ ಬಂದರೆ ತೊಂಬತ್ತು ಪಾಲು ಅಪ್‌ಗ್ರೇಡ್ ಮುಗಿದಂತೆಯೇ. ಈ ಕೆಲಸಕ್ಕೆ ಹೊಸದರ ತಾರೀಖು ಬೇಕಾಗಿಯೇ ಇಲ್ಲ. ಅದು ಜೂನ್‌ನಲ್ಲಿ ಬರಲಿ, ಡಿಸೆಂಬರ್‌ನಲ್ಲಿ ಬರಲಿ.

ಡ್ರೂಪಲ್ 7ರಲ್ಲಿದ್ದವರಿಗೆ ಈ ಭಾಗ್ಯವಿರಲಿಲ್ಲ. ಅಲ್ಲಿಂದ 8ಕ್ಕೆ ಹೋಗುವುದೆಂದರೆ ಜಾಲತಾಣವನ್ನು ಹೊಸದಾಗಿ ಕಟ್ಟಿ, ವಿಷಯವನ್ನು ಹೊತ್ತು ಸಾಗಿಸುವುದು. ಬಹಳ ಜನ ಕದಲಲೇ ಇಲ್ಲ. ಪರಿಣಾಮವಾಗಿ ಅದರ ಕೊನೆಯ ತಾರೀಖು 2021ರ ನವೆಂಬರ್‌ನಿಂದ 2022ಕ್ಕೆ, ಅಲ್ಲಿಂದ 2023ಕ್ಕೆ, ಕಡೆಗೆ 2025ರ ಜನವರಿ 5ಕ್ಕೆ ಹೋಯಿತು. 2011ರ ಜನವರಿ 5ರಂದು ಹುಟ್ಟಿದ್ದು ಹದಿನಾಲ್ಕು ವರ್ಷ ಬಾಳಿತು. ಪೈಥಾನ್ 2ರ ಕಥೆಯೂ ಅದೇ. 2015ಕ್ಕೆ ಮುಗಿಯಬೇಕಿದ್ದ 2.7ಕ್ಕೆ 2020ರವರೆಗೆ ಆಯಸ್ಸು ಸಿಕ್ಕಿತು.

ಹಾಗಾದರೆ ಹಳೆಯದರ ಕೊನೆಯೂ ಜಾರುತ್ತದಲ್ಲ ಎಂದು ನೀವು ಕೇಳಬಹುದು. ಜಾರುತ್ತದೆ, ಆದರೆ ಯಾವ ದಿಕ್ಕಿಗೆ ಎಂಬುದು ನಮ್ಮ ಕೈಯಲ್ಲಿಲ್ಲ. ಸೆಂಟ್‌ಒಎಸ್ 8ನ್ನು 2029ರವರೆಗೆ ನಂಬಬಹುದು ಎಂದು ಸರ್ವರ್‌ಗಳಿಗೆ ಹಾಕಿಕೊಂಡವರಿಗೆ 2020ರ ಡಿಸೆಂಬರ್‌ನಲ್ಲಿ ಬಂದ ಸುದ್ದಿ: 2021ರ ಕೊನೆಗೆ ಮುಗಿಯಿತು. ಏಳು ವರ್ಷಕ್ಕೂ ಹೆಚ್ಚು ಒಂದೇ ಪ್ರಕಟಣೆಯಲ್ಲಿ ಹೋಯಿತು. ವಿಸ್ತರಣೆ ಸಿಕ್ಕೀತು ಎಂದು ಕೂರುವುದು ಲೆಕ್ಕಾಚಾರವಲ್ಲ, ಜೂಜು.

ಬೆಂಬಲ ಮುಗಿಯುವುದೆಂದರೆ ಏನೆಂದು ಕಣ್ಣಿಗೆ ಕಟ್ಟುವ ಘಟನೆ 2014ರ ಅಕ್ಟೋಬರ್ 15ರದ್ದು. ಅಂದು ಡ್ರೂಪಲ್ 7ರಲ್ಲಿ ಡೇಟಾಬೇಸ್‌ಗೆ ನೇರ ಕೈಹಾಕಲು ಬಿಡುವ ದೋಷವೊಂದಕ್ಕೆ ಪ್ಯಾಚ್ ಬಂತು. ಎರಡು ವಾರದ ನಂತರ ಭದ್ರತಾ ತಂಡ ಹೇಳಿದ್ದು: ಪ್ರಕಟಣೆಯಾದ ಏಳು ಗಂಟೆಯೊಳಗೆ ಪ್ಯಾಚ್ ಹಾಕದ ತಾಣಗಳು ಒಡೆದುಹೋಗಿವೆ ಎಂದೇ ಭಾವಿಸಿ. ಆ ಏಳು ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ಬೆಂಗಳೂರಿನಲ್ಲಿ ತಾಣ ನೋಡಿಕೊಳ್ಳುತ್ತಿದ್ದವರು ಬೆಳಿಗ್ಗೆ ಕಾಫಿ ಕುಡಿಯುತ್ತ ಮೇಲ್ ತೆರೆಯುವ ಹೊತ್ತಿಗೆ ಗಡುವು ಮುಗಿದಿತ್ತು. ಬೆಂಬಲವಿದ್ದ ಆವೃತ್ತಿಗೇ ಹೀಗಾದರೆ ಪ್ಯಾಚ್ ಬರುವುದೇ ನಿಂತ ಆವೃತ್ತಿಯ ಮಾತೇನು? ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ತೇಪೆ ಕೊಟ್ಟಿದ್ದ ದೋಷದ ಮೂಲಕ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹಬ್ಬಿತು ಎನ್ನುವುದನ್ನೂ ನೆನಪಿಡಬೇಕು.

ಇಲ್ಲಿಗೆ ‘ಬಂದ ತಕ್ಷಣ ಹಾಕು’ ಎನ್ನುವುದೇ ಸರಿ ಅನ್ನಿಸಬಹುದು. 2024 ಅದಕ್ಕೂ ಉತ್ತರ ಕೊಟ್ಟಿದೆ. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಅಪ್‌ಡೇಟ್ ಎಲ್ಲ ಕಡೆಗೂ ಒಮ್ಮೆಲೇ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಕಾಡೆ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅದೇ ವರ್ಷ ಉಬುಂಟು 24.04 ತೋರಿಸಿದ್ದು ಇದಕ್ಕೆ ವಿರುದ್ಧವಾದ ಸಂಯಮ. ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಹಿಂಬಾಗಿಲು ಅಡಗಿಸಿಟ್ಟಿದ್ದು ಮಾರ್ಚ್ 29ರಂದು ಬಯಲಾಯಿತು. ಪತ್ತೆ ಮಾಡಿದ ಆಂಡ್ರೆಸ್ ಫ್ರಾಯಿಂಡ್‌ಗೆ ಅನುಮಾನ ಹುಟ್ಟಿಸಿದ್ದು ಲಾಗಿನ್ ಆಗುವಾಗ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದದ್ದು. ಉಬುಂಟು ಬೀಟಾವನ್ನು ಒಂದು ವಾರ ಮುಂದೂಡಿ, ಪ್ಯಾಕೇಜುಗಳನ್ನೆಲ್ಲ ಮತ್ತೆ ಕಟ್ಟಿ, ಅಂತಿಮ ಆವೃತ್ತಿಯನ್ನು ಮಾತ್ರ ಹೇಳಿದ ದಿನವೇ ಏಪ್ರಿಲ್ 25ಕ್ಕೆ ಕೊಟ್ಟಿತು. ಆದರೂ ಹಿಂದಿನ ದೀರ್ಘ ಬೆಂಬಲದ ಆವೃತ್ತಿಯಲ್ಲಿದ್ದವರಿಗೆ ಅಂದೇ ಅಪ್‌ಗ್ರೇಡ್ ಬಾಗಿಲು ತೆರೆಯಲಿಲ್ಲ. ಅದು ತೆರೆಯುವುದು 24.04.1ರ ಜೊತೆ. ಅದನ್ನೂ ದೋಷಗಳ ಕಾರಣಕ್ಕೆ ಆಗಸ್ಟ್ 15ರಿಂದ 29ಕ್ಕೆ ತಳ್ಳಿದರು. ಅಂದರೆ ಪತ್ರಿಕೆಯಲ್ಲಿ ಓದುವ ಬಿಡುಗಡೆಯ ದಿನ ಬೇರೆ, ನಿಮ್ಮ ಸರ್ವರ್‌ಗೆ ಅದು ಯೋಗ್ಯವಾಗುವ ದಿನ ಬೇರೆ.

ಬೆಂಗಳೂರಿನ ತಂಡಗಳಿಗೆ ಇನ್ನೊಂದು ತೊಡಕಿದೆ, ಅದನ್ನು ಯಾವ ವೇಳಾಪಟ್ಟಿಯಲ್ಲೂ ಬರೆದಿರುವುದಿಲ್ಲ. 2025ನ್ನೇ ನೋಡಿ. ಜಾವಾ 25 ಸೆಪ್ಟೆಂಬರ್ 16ಕ್ಕೆ, ಪೋಸ್ಟ್‌ಗ್ರೆಸ್ 18 ಸೆಪ್ಟೆಂಬರ್ 25ಕ್ಕೆ, ಪೈಥಾನ್ 3.14 ಅಕ್ಟೋಬರ್ 7ಕ್ಕೆ, ಉಬುಂಟು 25.10 ಅಕ್ಟೋಬರ್ 9ಕ್ಕೆ, ವಿಂಡೋಸ್ 10ರ ಕೊನೆ ಅಕ್ಟೋಬರ್ 14ಕ್ಕೆ. ನಟ್ಟನಡುವೆ ಅಕ್ಟೋಬರ್ 1ರಂದು ಆಯುಧಪೂಜೆ, ಸರ್ವರ್‌ಗೂ ಕುಂಕುಮ ಹಚ್ಚಿ ಆರತಿ ಎತ್ತುವ ದಿನ. ಅಕ್ಟೋಬರ್ 20ರಿಂದ ದೀಪಾವಳಿ. ಅತ್ತ ಅಮೆರಿಕದ ಅಂಗಡಿ, ಬ್ಯಾಂಕುಗಳು ನವೆಂಬರ್ ನಡುವಿನಿಂದ ಹೊಸ ವರ್ಷದವರೆಗೆ ಏನನ್ನೂ ಮುಟ್ಟಬೇಡಿ ಎಂದು ಬೀಗ ಹಾಕುತ್ತವೆ. ಹೊಸದು ಬಂದು, ಅವರ ಬೀಗ ಬೀಳುವ ಮುನ್ನ ಉಳಿಯುವ ಆ ಕೆಲವು ವಾರಗಳೇ ನಮ್ಮ ಹಬ್ಬದ ವಾರಗಳು. ಊರಿಗೆ ಬಸ್ ಟಿಕೆಟ್ ಬುಕ್ ಮಾಡಿದವರು ಅದನ್ನು ರದ್ದು ಮಾಡುವುದು ಇದೇ ಕಾರಣಕ್ಕೆ. ಇಲ್ಲಿನ ಬ್ಯಾಂಕುಗಳ ಕೆಲಸವಾದರೆ ಮಾರ್ಚ್ 31ರ ಲೆಕ್ಕ ಮುಗಿಯುವ ತನಕ ಯಾರೂ ಒಪ್ಪುವುದಿಲ್ಲ. ಮ್ಯಾನೇಜರುಗಳು ಹೊಸ ಆವೃತ್ತಿಯ ತಾರೀಖನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಈ ಬೀಗಗಳನ್ನೂ ಹಬ್ಬಗಳನ್ನೂ ಬರೆದರೆ ಉಳಿಯುವ ಜಾಗ ಎಷ್ಟು ಕಿರಿದು ಎನ್ನುವುದು ಕಾಣುತ್ತದೆ.

ಕರಾರು ಬರೆಯುವ ರೀತಿಯೂ ಬದಲಾಗಬೇಕು. ‘ಜೂನ್‌ನಲ್ಲಿ ಅಪ್‌ಗ್ರೇಡ್’ ಎಂದು ಬರೆದುಕೊಂಡು, ಬಿಡುಗಡೆ ಆಗಸ್ಟ್‌ಗೆ ಹೋದಾಗ ಕುಳಿತ ಜನರ ಸಂಬಳ ಯಾರ ಲೆಕ್ಕಕ್ಕೆ ಎಂದು ಜಗಳವಾಡುವುದಕ್ಕಿಂತ ತಾರೀಖಿನ ಜಾಗದಲ್ಲಿ ಘಟನೆ ಬರೆಯುವುದು ಮೇಲು: ಬೀಟಾ ಬಂದ ಆರು ವಾರದೊಳಗೆ ಪ್ರಾಯೋಗಿಕ ತಾಣದಲ್ಲಿ ಪರೀಕ್ಷೆ, ಮೊದಲ ತಿದ್ದುಪಡಿ ಬಂದ ನಂತರ ನಿಜವಾದ ತಾಣ. ಬಿಗಿ ತಾರೀಖು ಒಂದೇ ಇರಲಿ. ಹಳೆಯದರ ಬೆಂಬಲ ಮುಗಿಯುವುದಕ್ಕೆ ಮೂರು ತಿಂಗಳು ಮೊದಲಿನದು.

ಕನ್ನಡಕ್ಕೂ ಈ ಸಡಿಲ ಬಿಗಿಗಳ ಬಿಸಿ ತಟ್ಟಿದೆ. ತಂತ್ರಾಂಶದ ಮೆನು, ಸೂಚನೆಗಳನ್ನು ಕನ್ನಡಕ್ಕೆ ತರುವವರು ಬೆರಳೆಣಿಕೆಯ ಸ್ವಯಂಸೇವಕರು. ಗ್ನೋಮ್‌ನಲ್ಲಿ ಬಿಡುಗಡೆಗೆ ಕೆಲವು ವಾರ ಮೊದಲು ಪದಗಳಿಗೂ ಫ್ರೀಜ್ ಇರುತ್ತದೆ, ಆಮೇಲೆ ಇಂಗ್ಲಿಷ್ ವಾಕ್ಯಗಳನ್ನು ಬದಲಾಯಿಸುವಂತಿಲ್ಲ. ಅನುವಾದಕರಿಗೆ ನೆಮ್ಮದಿಯಾಗಿ ಸಿಗುವುದು ಆ ವಾರಗಳಷ್ಟೇ. ಆ ಕಟ್ಟು ಸಡಿಲವಾದ ಕಡೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಮೆನು ಹೊರಬೀಳುತ್ತದೆ. ಇನ್ನು ಲಿಪಿಯ ವಿಷಯ. ಹಳಗನ್ನಡದ ಬರಹಗಳಲ್ಲಿ ಬರುವ ನಕಾರಪೊಲ್ಲು ಎಂಬ ಅಕ್ಷರ ಯೂನಿಕೋಡ್ 14.0ರಲ್ಲಿ ಸೇರಿತು. ಆ ಆವೃತ್ತಿ 2021ರ ಮಾರ್ಚ್‌ಗೆ ಬರಬೇಕಿತ್ತು. ಕೋವಿಡ್ ಕಾರಣಕ್ಕೆ ಸೆಪ್ಟೆಂಬರ್‌ಗೆ ಹೋಯಿತು. ಇಂಥ ಅಕ್ಷರ ಒಮ್ಮೆ ಸೇರಿದರೂ ಫಾಂಟ್ ಮಾಡುವವರು ಅದನ್ನು ಬಿಡಿಸಬೇಕು, ಆ ಫಾಂಟ್ ಆಪರೇಟಿಂಗ್ ಸಿಸ್ಟಮ್‌ನ ಮುಂದಿನ ಆವೃತ್ತಿಗೆ ಸೇರಬೇಕು, ಆ ಆವೃತ್ತಿ ನಿಮ್ಮ ಫೋನಿಗೆ ಬರಬೇಕು. ಹಳೆಯ ಫೋನು ಇರುವವರಿಗೆ ಅದು ಇವತ್ತಿಗೂ ಚೌಕಾಕಾರದ ಡಬ್ಬಿಯಾಗಿಯೇ ಕಂಡೀತು.

ಡ್ರೂಪಲ್ 10ರ ಬೆಂಬಲ ಮುಗಿಯುವುದು 2026ರ ಡಿಸೆಂಬರ್‌ನಲ್ಲಿ. ಅದರಲ್ಲಿ ತಾಣ ನಡೆಸುತ್ತಿರುವವರು ಡ್ರೂಪಲ್ 12 ಯಾವಾಗ ಎಂದು ವಿಚಾರಿಸುತ್ತ ಕೂರುವುದು ಬೇಡ. ಅವರು ಹೋಗಬೇಕಾದ 11 ಬಂದು ಬಹಳ ಕಾಲವೇ ಆಯಿತು. ಈ ವಾರವೇ ಅಪ್‌ಗ್ರೇಡ್ ಸ್ಟೇಟಸ್ ಓಡಿಸಿ, ಯಾವ ಮಾಡ್ಯೂಲ್‌ಗೆ ಯಜಮಾನನಿಲ್ಲ ಎಂದು ಪಟ್ಟಿ ಮಾಡಿ, ದಸರೆಗೆ ಮೊದಲು ಕೆಲಸ ಮುಗಿಸಿಕೊಳ್ಳಿ.